ಪಡಿಯಿಂದ ಸೇತುವೆಯವರೆಗೆ: ನಮ್ಮ ಸೀಮೆಯ ಕಟ್ಟಡಗಳಿಗೆ ನಿಸರ್ಗ ಕಲಿಸಿದ ಪಾಠ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದರು. ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಕಟ್ಟಡ ಕಟ್ಟಿ ಗೊತ್ತಿಲ್ಲ. ಆದರೆ ಕಟ್ಟಡಗಳ ನಡುವೆಯೇ ಬೆಳೆದವನು ನಾನು. ಐಹೊಳೆ ಮತ್ತು ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನವೇ. ಬಾದಾಮಿ, ಪಟ್ಟದಕಲ್ಲುಗಳಿಗೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಬಹುದು.

ಈಗ ಎಂಜಿನಿಯರಿಂಗ್ ಜಗತ್ತಿನಲ್ಲಿ ನಿಸರ್ಗವನ್ನು ನೋಡಿ ವಿನ್ಯಾಸ ಮಾಡುವ ವಿದ್ಯೆಗೆ ದೊಡ್ಡ ಹೆಸರಿದೆ. ಗೆದ್ದಲಿನ ಹುತ್ತ ನೋಡಿ ಆಫ್ರಿಕಾದ ಹರಾರೆಯಲ್ಲಿ ತಂಪಾದ ಕಚೇರಿ ಕಟ್ಟಡವೊಂದನ್ನು ಕಟ್ಟಿದರು ಎಂಬಂಥ ಉದಾಹರಣೆಗಳನ್ನು ಉಪನ್ಯಾಸಗಳಲ್ಲಿ ಕೇಳುತ್ತೇವೆ. ಅವೆಲ್ಲ ಸರಿಯೇ. ಆದರೆ ಈ ವಿದ್ಯೆಯ ಬಹಳ ಹಳೆಯ ಪಾಠಶಾಲೆಯೊಂದು ಮಲಪ್ರಭೆಯ ದಂಡೆಯಲ್ಲಿದೆ. ಅದನ್ನು ನಮ್ಮ ಶಾಲೆಯ ಮಕ್ಕಳು ತಿಳಿಯಬೇಕು ಎಂಬುದೇ ಈ ಲೇಖನದ ಆಶಯ.

ನಿಸರ್ಗದಿಂದ ಎರಡು ರೀತಿಯಲ್ಲಿ ಕಲಿಯಬಹುದು. ಒಂದು, ಅದರ ರೂಪವನ್ನು ಕಲಿಯುವುದು. ಕಮಲ, ಹಂಸ, ಬಳ್ಳಿಗಳನ್ನು ಗೋಡೆಯ ಮೇಲೆ ಕೆತ್ತುವುದು ಈ ಬಗೆಯದು. ಇನ್ನೊಂದು, ಅದರ ನಡತೆಯನ್ನು ಕಲಿಯುವುದು. ಕಲ್ಲು ಭಾರವನ್ನು ಹೇಗೆ ಹೊರುತ್ತದೆ, ನೀರು ಯಾವ ಕಡೆ ಹರಿಯುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿ ಅದರಂತೆ ಕಟ್ಟುವುದು. ಮೊದಲನೆಯದು ಕಣ್ಣಿಗೆ ಬೇಗ ಬೀಳುತ್ತದೆ. ಕಟ್ಟಡವನ್ನು ಸಾವಿರ ವರ್ಷ ನಿಲ್ಲಿಸುವುದು ಎರಡನೆಯದು.

ಪಡಿ: ನಿಸರ್ಗವೇ ಕಟ್ಟಿದ ಮನೆ

ಬಾದಾಮಿಯಿಂದ ಕಾಲುದಾರಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ನಡೆದರೆ ಸಿಡಿಲಪಡಿ ಸಿಗುತ್ತದೆ. ಜನ ಅದನ್ನು ಸಿಡ್ಲಫಡಿ ಎನ್ನುತ್ತಾರೆ. ಎರಡು ದೊಡ್ಡ ಬಂಡೆಗಳ ನಡುವೆ ಕಮಾನಿನಂತೆ ಹಾದುಹೋದ ಕಲ್ಲಿನ ಸೇತುವೆ ಅದು. ಅದರ ಮೈಯಲ್ಲಿ ದೊಡ್ಡ ತೂತುಗಳಿದ್ದು ಅವುಗಳಿಂದ ಬೆಳಕು ಒಳಗೆ ಇಳಿಯುತ್ತದೆ. ಸಿಡಿಲು ಬಡಿದು ಆದ ತೂತುಗಳೆಂಬ ನಂಬಿಕೆಯಿಂದ ಆ ಹೆಸರು ಬಂದಿದೆ. ಇತಿಹಾಸಪೂರ್ವ ಕಾಲದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜನ ಇಲ್ಲಿ ಆಸರೆ ಪಡೆದಿದ್ದರು. ಅವರು ಬಿಡಿಸಿದ ಚಿತ್ರಗಳು ಬಂಡೆಯ ಮೇಲೆ ಇವೆ. ನಮ್ಮ ಸೀಮೆಯ ಮನುಷ್ಯನಿಗೆ ಮೊದಲ ಮನೆಯನ್ನೂ ಮೊದಲ ಸೇತುವೆಯ ಮಾದರಿಯನ್ನೂ ನಿಸರ್ಗ ಒಂದೇ ಕಡೆ ತೋರಿಸಿಕೊಟ್ಟಿತು.

ಪಡಿ ಅಥವಾ ಫಡಿ ಎಂದರೆ ಬಂಡೆಯ ಕೆಳಗಿನ ಆಸರೆ. ಐಹೊಳೆಯ ರಾವಣಫಡಿ ಎಂಬ ಗುಹಾಲಯದ ಹೆಸರಿನಲ್ಲೂ ಇದೇ ಪದ ಇದೆ. ಮೊದಲು ಜನ ಪಡಿಯಲ್ಲಿ ವಾಸಿಸಿದರು. ಆಮೇಲೆ ಪಡಿಯನ್ನು ಕೊರೆದು ದೇವರ ಮನೆ ಮಾಡಿದರು. ಕೊನೆಗೆ ಕಲ್ಲು ತಂದು ಬಯಲಿನಲ್ಲಿ ತಾವೇ ಕಟ್ಟಿದರು. ನಮ್ಮ ವಾಸ್ತುಶಿಲ್ಪದ ಇತಿಹಾಸವನ್ನು ಮೂರೇ ಮಾತಿನಲ್ಲಿ ಹೇಳುವುದಾದರೆ ಇಷ್ಟೇ.

ಬಂಡೆಯ ಕಮಾನು ಬೀಳದೆ ನಿಲ್ಲುವುದು ಹೇಗೆ? ಇದನ್ನು ತಿಳಿಯಲು ಒಂದು ಇಳಕಲ್ ಸೀರೆ ಸಾಕು. ಸೀರೆಯ ಎರಡು ತುದಿಗಳನ್ನು ಇಬ್ಬರು ಹಿಡಿದು ನಿಂತರೆ ಅದು ನಡುವೆ ಜೋತುಬೀಳುತ್ತದೆ. ಜೋತ ಸೀರೆಯಲ್ಲಿ ಇರುವುದು ಎಳೆತ ಮಾತ್ರ. ಆ ಬಾಗನ್ನು ಹಾಗೇ ತಲೆಕೆಳಗು ಮಾಡಿದಂತೆ ಊಹಿಸಿ. ಎಳೆತವಿದ್ದ ಕಡೆಯೆಲ್ಲ ಒತ್ತಡ ಬರುತ್ತದೆ. ಕಲ್ಲಿಗೆ ಒತ್ತಡ ತಡೆಯುವ ಶಕ್ತಿ ಬಹಳ, ಆದ್ದರಿಂದ ಕಮಾನು ನಿಲ್ಲುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಈ ನಿಯಮವನ್ನು ಹೇಳಿದ. ತೂಗುವ ಸರಪಳಿಯ ಆಕಾರವನ್ನು ತಿರುವಿದರೆ ಗಟ್ಟಿ ಕಮಾನು ಸಿಗುತ್ತದೆ ಎಂಬುದು ಅವನ ಮಾತಿನ ಸಾರ. ಇಂದಿಗೂ ಸೇತುವೆಗಳಲ್ಲಿ ಈ ಎರಡು ಕುಲಗಳಿವೆ. ಬಳ್ಳಿಯಂತೆ ಜೋತುಬಿದ್ದು ಎಳೆತದಿಂದ ನಿಲ್ಲುವ ತೂಗುಸೇತುವೆ ಒಂದು, ಸಿಡಿಲಪಡಿಯಂತೆ ಒತ್ತಡದಿಂದ ನಿಲ್ಲುವ ಕಮಾನು ಸೇತುವೆ ಇನ್ನೊಂದು. ಮಲೆನಾಡು, ಕರಾವಳಿಯ ಹಳ್ಳಗಳಿಗೆ ಸುಳ್ಯದ ಗಿರೀಶ ಭಾರದ್ವಾಜರು ಕಟ್ಟಿದ ತೂಗುಸೇತುವೆಗಳು ಮೊದಲ ಕುಲಕ್ಕೆ ಸೇರಿದವು.

ಬಾದಾಮಿ: ಗುಡ್ಡವನ್ನು ಓದಿದವರು

ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರ ಪದರವಾಗಿ ಗಟ್ಟಿಯಾಗಿ ಕಲ್ಲಾಯಿತು. ಬಂಡೆಯ ಪಕ್ಕದಲ್ಲಿ ನಿಂತು ನೋಡಿದರೆ ಪುಸ್ತಕದ ಹಾಳೆಗಳ ಅಂಚಿನಂತೆ ಆ ಪದರಗಳು ಕಾಣುತ್ತವೆ. ಪದರ ಇರುವ ಕಲ್ಲು ಪದರದ ಗುಂಟ ಸುಲಭವಾಗಿ ಬಿಡುತ್ತದೆ, ಹಲಗೆಯಂತೆ ಏಳುತ್ತದೆ. ನಮ್ಮ ಇಳಕಲ್ ಕಡೆಯ ಕೆಂಪು ಗ್ರಾನೈಟ್ ಹಾಗಲ್ಲ. ಅದು ಭೂಮಿಯೊಳಗಿನ ಕಾದ ಶಿಲಾರಸ ಆರಿ ಆದದ್ದು. ಅದರಲ್ಲಿ ಇಂಥ ಪದರಗಳಿಲ್ಲ, ಉಳಿಗೆ ಬೇಗ ಬಗ್ಗುವುದೂ ಇಲ್ಲ. ಎರಡು ತಾಸಿನ ದಾರಿಯೊಳಗೆ ಎರಡು ಸ್ವಭಾವದ ಕಲ್ಲುಗಳು ನಮ್ಮ ಜಿಲ್ಲೆಯಲ್ಲಿವೆ. ಯಾವ ಕಲ್ಲಿಗೆ ಯಾವ ಕೆಲಸ ಎಂಬುದನ್ನು ಕಲ್ಲೇ ಹೇಳುತ್ತದೆ.

ಒಂದನೆಯ ಪುಲಕೇಶಿ ವಾತಾಪಿಯ ಗುಡ್ಡವನ್ನು ಕೋಟೆ ಮಾಡಿದ ಸಂಗತಿ 543ರ ಬಂಡೆ ಶಾಸನದಲ್ಲಿದೆ. ಕಡಿದಾದ ಗುಡ್ಡವೇ ಅರ್ಧ ಕೋಟೆಯಾಗಿತ್ತು, ಉಳಿದದ್ದನ್ನು ಮನುಷ್ಯ ಸೇರಿಸಿದ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮಳೆನೀರು ನಿಂತು ಅಗಸ್ತ್ಯತೀರ್ಥ ತುಂಬುತ್ತದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಬಾದಾಮಿಯ ಗುಹೆಗಳಲ್ಲಿ ಕಾಲ ಖಚಿತವಾಗಿ ತಿಳಿದಿರುವುದು ಇದರಿಂದಲೇ. ಆ ಗುಹೆಯ ಮುಂಭಾಗ ಸುಮಾರು 21 ಮೀಟರ್ ಅಗಲವಿದೆ.

ಒಂಬತ್ತನೆಯ ತರಗತಿಯ ಪ್ರವಾಸದಲ್ಲಿ ನಮ್ಮ ಸಮಾಜ ವಿಜ್ಞಾನದ ಗುರುಗಳು ಇದೇ ಗುಹೆಯಲ್ಲಿ ನಮ್ಮನ್ನು ನಿಲ್ಲಿಸಿ, "ಮ್ಯಾಲ ನೋಡ್ರೋ, ಆ ತೊಲಿ ಏನ ಹೊತ್ತೈತಿ ಹೇಳ್ರಿ" ಎಂದು ಕೇಳಿದ್ದರು. ನಾವೆಲ್ಲ "ಮಾಳಿಗಿ ಹೊತ್ತೈತ್ರಿ ಸರ್" ಎಂದೆವು. "ಮಾಳಿಗಿ ಎಲ್ಲೈತಿ? ಇಡೀ ಗುಡ್ಡ ಒಂದ ಕಲ್ಲು. ತೊಲಿ ಬ್ಯಾರೆ, ಮಾಳಿಗಿ ಬ್ಯಾರೆ ಅಲ್ಲ" ಎಂದು ಅವರು ನಕ್ಕರು. ಮಾತು ಸಣ್ಣದು, ಆದರೆ ಅದರಲ್ಲಿ ಇತಿಹಾಸವಿತ್ತು. ಗುಹೆ ಕೊರೆದವರು ಕಟ್ಟಿಗೆಯ ಮನೆಗಳನ್ನು ನೋಡಿ ಬಲ್ಲವರು. ಕಲ್ಲಿನಲ್ಲಿ ತೊಲೆಯ ಅಗತ್ಯ ಇಲ್ಲದ ಕಡೆಯೂ ತೊಲೆಯ ಆಕಾರ ಕೆತ್ತಿದರು. ಆದರೆ ಕಂಬಗಳ ವಿಷಯದಲ್ಲಿ ಅವರು ಬರೀ ಅಲಂಕಾರಕ್ಕೆ ನಿಲ್ಲಲಿಲ್ಲ. ಮೇಲಿನ ಗುಡ್ಡದ ಭಾರ ಎಲ್ಲಿ ಇಳಿಯಬೇಕೋ ಅಲ್ಲಿ ಕಲ್ಲನ್ನು ಕಡಿಯದೆ ದಪ್ಪ ಕಂಬವಾಗಿ ಉಳಿಸಿದರು.

ಕಂಬದ ತಲೆಯ ಬೋದಿಗೆಗಳನ್ನು ಗಮನಿಸಿ. ಮೂರನೆಯ ಗುಹೆಯಲ್ಲಿ ಅವುಗಳ ಮೇಲೆ ಮರದ ಕೆಳಗೆ ನಿಂತ ಜೋಡಿಗಳ ಶಿಲ್ಪಗಳಿವೆ. ಕಂಬ ಬುಡವಾದರೆ ಬೋದಿಗೆ ಕವಲು. ಮರದ ಕೊಂಬೆ ಬುಡದಿಂದ ಓರೆಯಾಗಿ ಹೊರಟು ದೂರದ ಭಾರವನ್ನು ಬುಡಕ್ಕೆ ತಂದು ಮುಟ್ಟಿಸುತ್ತದೆ. ಕಟ್ಟಿದ ಗುಡಿಗಳಲ್ಲಿ ಬೋದಿಗೆ ಮಾಡುವ ಕೆಲಸವೂ ಅದೇ. ಅದು ಎರಡು ಕಂಬಗಳ ನಡುವಿನ ಅಂತರವನ್ನು ಕಡಿಮೆ ಮಾಡಿ ತೊಲೆಗೆ ಆಸರೆ ಕೊಡುತ್ತದೆ.

ಆ ಆಸರೆ ಏಕೆ ಬೇಕು ಎಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ಒಂದು ಕಡಕ್ ಜೋಳದ ರೊಟ್ಟಿಯನ್ನು ಎರಡು ಬಟ್ಟಲುಗಳ ಮೇಲೆ ಇಟ್ಟು ನಡುವೆ ಬೆರಳಿನಿಂದ ಒತ್ತಿ. ರೊಟ್ಟಿ ಕೆಳಗಿನ ಮೈಯಿಂದ ಬಿರಿಯುತ್ತದೆ. ಒತ್ತಿದಾಗ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಕೆಳಗಿನ ಮೈ ಎಳೆದುಕೊಳ್ಳುತ್ತದೆ. ಕಲ್ಲೂ ಹೀಗೆಯೇ. ಒತ್ತಡಕ್ಕೆ ಜಟ್ಟಿ, ಎಳೆತಕ್ಕೆ ದುರ್ಬಲ. ಕಟ್ಟಿಗೆಯಲ್ಲಿ ಉದ್ದನೆಯ ನಾರು ಇರುವುದರಿಂದ ಅದು ಬಾಗಿ ತಾಳಿಕೊಳ್ಳುತ್ತದೆ. ಕಟ್ಟಿಗೆ ಬಿಟ್ಟು ಕಲ್ಲಿಗೆ ಬಂದಾಗ ಕಂಬಗಳು ಹತ್ತಿರ ಹತ್ತಿರ ಬಂದದ್ದು ಈ ಕಾರಣಕ್ಕೆ. ಕಾಂಕ್ರೀಟೂ ಒಂದು ಬಗೆಯ ಕಲ್ಲೇ ಆದ್ದರಿಂದ ಇಂದಿನ ಸ್ಲ್ಯಾಬಿನ ಕೆಳಮೈಯಲ್ಲಿ ಕಬ್ಬಿಣದ ಸರಳು ಹಾಕುತ್ತಾರೆ. ಅದು ಕಲ್ಲಿಗೆ ನಾವು ತೊಡಿಸಿದ ನಾರು.

ಐಹೊಳೆ: ಕಟ್ಟಿಗೆಯ ನೆನಪು

ಬಾದಾಮಿಯಲ್ಲಿ ಗುಡ್ಡದೊಳಗೆ ಕಲಿತ ಪಾಠವನ್ನು ಬಯಲಿಗೆ ತಂದ ಊರು ಐಹೊಳೆ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಒಂದರಂತೆ ಇನ್ನೊಂದಿಲ್ಲ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರಯೋಗಗಳ ಊರು. ಒಂದು ಮಾಡಿ ನೋಡುವುದು, ಕೊರತೆ ಕಂಡರೆ ಮುಂದಿನದರಲ್ಲಿ ತಿದ್ದುವುದು.

ಲಾಡಖಾನ್ ಗುಡಿಯ ಮಾಳಿಗೆ ಹತ್ತಿ ನೋಡಿದವರಿಗೆ ನೆನಪಿರಬಹುದು. ಇಳಿಜಾರಾಗಿ ಹಾಸಿದ ಕಲ್ಲಿನ ಹಲಗೆಗಳ ಸಂದಿಗಳ ಮೇಲೆ ಉದ್ದನೆಯ ಕಲ್ಲುಪಟ್ಟಿಗಳನ್ನು ಇಟ್ಟಿದ್ದಾರೆ. ದೂರದಿಂದ ನೋಡಿದರೆ ಕಟ್ಟಿಗೆಯ ದಿಮ್ಮಿಗಳಂತೆಯೇ ಕಾಣುತ್ತವೆ. ಕಟ್ಟಿಗೆಯ ಸಭಾಮಂಟಪದ ಛಾವಣಿಯ ನೆನಪು ಅದು. ಆದರೆ ಕೆಲಸವನ್ನೂ ಮಾಡುತ್ತದೆ. ಸಂದಿಯಲ್ಲಿ ಮಳೆನೀರು ಇಳಿಯದಂತೆ ತಡೆಯುತ್ತದೆ. ಈ ಗುಡಿಯನ್ನು ಮೊದಲು 5ನೆಯ ಶತಮಾನದ್ದು ಎನ್ನುತ್ತಿದ್ದರು. ಈಚಿನ ವಿದ್ವಾಂಸರು 7-8ನೆಯ ಶತಮಾನಕ್ಕೆ ತರುತ್ತಾರೆ.

ದುರ್ಗದ ಗುಡಿ ಐಹೊಳೆಯಲ್ಲಿ ಎಲ್ಲರಿಗೂ ಪರಿಚಿತ. ಹೆಸರು ಬಂದದ್ದು ದುರ್ಗಾದೇವಿಯಿಂದ ಅಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ಅದರ ಹಿಂಭಾಗ ಅರ್ಧಚಂದ್ರದಂತೆ ದುಂಡಗಿದೆ. ಶಿಲ್ಪಶಾಸ್ತ್ರದಲ್ಲಿ ಈ ಆಕಾರಕ್ಕೆ ಗಜಪೃಷ್ಠ, ಅಂದರೆ ಆನೆಯ ಬೆನ್ನು ಎಂದು ಹೆಸರು. ಹೆಸರು ಆನೆಯದಾದರೂ ಆಕಾರದ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. ಬಿದಿರು, ಕಟ್ಟಿಗೆಗಳನ್ನು ಬಾಗಿಸಿ ಮಾಡಿದ ಗುಡಿಸಲು, ಅದನ್ನು ಅನುಸರಿಸಿದ ಬೌದ್ಧ ಚೈತ್ಯಾಲಯಗಳು ಈ ಆಕಾರದವು. ಮಹಾರಾಷ್ಟ್ರದ ಕಾರ್ಲೆಯ ಗುಹೆಯ ಕಲ್ಲಿನ ಛಾವಣಿಗೆ ಅಂಟಿಸಿದ ಕಟ್ಟಿಗೆಯ ಬಾಗುತೊಲೆಗಳನ್ನು ಇಂದಿಗೂ ನೋಡಬಹುದು.

ಆ ಬಾಗಿದ ಛಾವಣಿಯ ಮುಂದಿನ ತುದಿಯ ಲಾಳಾಕಾರದ ಕಿಂಡಿಯೇ ಗವಾಕ್ಷ. ಗೋವಿನ ಕಣ್ಣು ಎಂದು ಅದರ ಅರ್ಥ. ಚಾಲುಕ್ಯರ ಗುಡಿಗಳ ಶಿಖರಗಳ ಮೇಲೆ ಸಣ್ಣ ಸಣ್ಣ ಗವಾಕ್ಷಗಳ ಸಾಲುಗಳೇ ಇವೆ. ಅದೇ ಪದ ನಮ್ಮ ಹಳೆಯ ಮನೆಗಳ ಮಾಳಿಗೆಯಲ್ಲೂ ಉಳಿದಿದೆ. ಅಡುಗೆಮನೆಯ ಹೊಗೆ ಹೊರಗೆ ಹೋಗಲು, ಬೆಳಕು ಒಳಗೆ ಬರಲು ಬಿಟ್ಟ ಕಿಂಡಿಗೆ ನಮ್ಮ ಅಜ್ಜಿಯರು ಗವಾಕ್ಷಿ ಎಂದೇ ಹೇಳುತ್ತಿದ್ದರು. ಗುಡಿಯಲ್ಲಿ ಅದು ಅಲಂಕಾರವಾಯಿತು, ಮನೆಯಲ್ಲಿ ದುಡಿಯುತ್ತ ಉಳಿಯಿತು.

ಪಟ್ಟದಕಲ್ಲು: ಗುಡ್ಡ, ನೆಲ್ಲಿಕಾಯಿ ಮತ್ತು ಒಬ್ಬ ಎಂಜಿನಿಯರ್

ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಕೆಂಪು ಕಲ್ಲು ಹೆಸರು ಕೊಟ್ಟಿತು. ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಉತ್ತರವಾಹಿನಿಯ ದಂಡೆ ಪವಿತ್ರ ಎಂಬ ನಂಬಿಕೆಯಿಂದ ಚಾಲುಕ್ಯ ಅರಸರು ಪಟ್ಟಾಭಿಷೇಕಕ್ಕೆ ಈ ಜಾಗವನ್ನು ಆರಿಸಿಕೊಂಡರು.

ಇಲ್ಲಿ ಉತ್ತರದ ನಾಗರ ಶೈಲಿಯ ಗುಡಿಗಳೂ ದಕ್ಷಿಣದ ದ್ರಾವಿಡ ಶೈಲಿಯ ಗುಡಿಗಳೂ ಅಕ್ಕಪಕ್ಕ ನಿಂತಿವೆ. ಶಿಖರ ಎಂಬ ಪದದ ಅರ್ಥವೇ ಗುಡ್ಡದ ತುದಿ. ಗುಡ್ಡ ಅಗಲವಾದ ಬುಡದಿಂದ ಮೇಲೆ ಹೋದಂತೆ ಕಿರಿದಾಗುವುದರಿಂದ ಮೇಲಿನ ಭಾರ ಕೆಳಗೆ ಹಂಚಿಹೋಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಎತ್ತರಕ್ಕೆ ಹೋಗಬೇಕಾದವರಿಗೆ ಇದಕ್ಕಿಂತ ಭರವಸೆಯ ಆಕಾರ ಬೇರೆ ಇಲ್ಲ. ನಾಗರ ಶಿಖರದ ತುದಿಯಲ್ಲಿ ಅಂಚೆಲ್ಲ ಗೆರೆಗೆರೆಯಾದ ದುಂಡು ಕಲ್ಲಿದೆ. ಗಳಗನಾಥ ಗುಡಿಯಲ್ಲಿ ಅದನ್ನು ಚೆನ್ನಾಗಿ ನೋಡಬಹುದು. ಅದರ ಹೆಸರು ಆಮಲಕ, ಅಂದರೆ ನಮ್ಮ ನೆಲ್ಲಿಕಾಯಿ. ರೂಪ ನೆಲ್ಲಿಕಾಯಿಯದು. ಕೆಲಸ ಮಾತ್ರ ಭಾರದ್ದು: ಒಳಮುಖವಾಗಿ ಏರಿಬಂದ ಕಲ್ಲುಗಳ ತಲೆಯ ಮೇಲೆ ಕೂತು ಅವುಗಳನ್ನು ಒತ್ತಿ ಹಿಡಿಯುತ್ತದೆ. ರೂಪವೂ ನಡತೆಯೂ ಒಂದಾದ ಜಾಗ ಇದು.

ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಅದನ್ನು ಕಟ್ಟಿದವನ ಹೆಸರೂ ಶಾಸನದಲ್ಲಿದೆ. ಅವನು ಗುಂಡ, ಅನಿವಾರಿತಾಚಾರ್ಯ ಎಂಬ ಬಿರುದಿನವನು. ಸರ್ವಸಿದ್ಧಿ ಆಚಾರ್ಯ ಎಂಬ ಇನ್ನೊಬ್ಬ ಶಿಲ್ಪಿಯ ಹೆಸರೂ ಇದೆ. ನಮ್ಮ ಜಿಲ್ಲೆಯ ಎಂಜಿನಿಯರುಗಳ ಪಟ್ಟಿ ಬರೆಯುವುದಾದರೆ ಈ ಹೆಸರುಗಳಿಂದ ಶುರುಮಾಡಬೇಕು. ಎಲ್ಲೋರದ ಕೈಲಾಸ ದೇವಾಲಯಕ್ಕೆ ವಿರೂಪಾಕ್ಷವೇ ಮಾದರಿ ಎಂದು ವಿದ್ವಾಂಸರು ಹೇಳುತ್ತಾರೆ. 1987ರಲ್ಲಿ ಯುನೆಸ್ಕೋ ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗುಮ್ಮಟ, ಎಲೆ ಮತ್ತು ಎಲುಬು

ಚಾಲುಕ್ಯರು ಕಂಬ-ತೊಲೆಯ ವಿದ್ಯೆಯಲ್ಲಿ ಪಳಗಿದರು. ಕಮಾನಿನ ವಿದ್ಯೆ ನಮ್ಮ ಭಾಗದಲ್ಲಿ ಮುಗಿಲು ಮುಟ್ಟಿದ್ದು ಆದಿಲಶಾಹಿಗಳ ಕಾಲದಲ್ಲಿ. 1997ರವರೆಗೆ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ವಿಜಯಪುರದ ಗೋಳಗುಮ್ಮಟ 1656ರ ಹೊತ್ತಿಗಿನದು. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳ ಮೇಲೆ, ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ನಿಂತಿದೆ. ಗುಮ್ಮಟ ಎಂದರೆ ಸುತ್ತಲೂ ತಿರುಗಿಸಿದ ಕಮಾನು. ಕೋಳಿಮೊಟ್ಟೆಯ ತೆಳು ಚಿಪ್ಪು ಅಂಗೈಯಲ್ಲಿ ಸಮನಾಗಿ ಅದುಮಿದರೆ ಸುಲಭಕ್ಕೆ ಒಡೆಯದಿರುವುದು ಈ ಗುಣದಿಂದಲೇ. ಗುಮ್ಮಟದ ಬುಡದಲ್ಲಿ ಕಮಲದ ಎಸಳುಗಳ ಸಾಲಿದೆ. ಅರಸರು ಬದಲಾದರು, ಧರ್ಮ ಬದಲಾಯಿತು, ಕೊಳದ ಕಮಲ ಮಾತ್ರ ಎಲ್ಲರ ಕಟ್ಟಡಕ್ಕೂ ಬಂತು.

ಬೆಂಗಳೂರಿಗೆ ಬಂದ ನಮ್ಮ ಕಡೆಯವರೆಲ್ಲ ಲಾಲ್‌ಬಾಗಿನ ಗಾಜಿನ ಮನೆ ನೋಡಿಯೇ ನೋಡುತ್ತಾರೆ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಅದಕ್ಕೆ ಸ್ಫೂರ್ತಿ ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸ್. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಅಮೆಜಾನಿನ ದೈತ್ಯ ತಾವರೆಯ ಎಲೆಯನ್ನು ಬೆಳೆಸಿ, ಅದರ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿ ನೋಡಿದ್ದ. ಎಲೆ ಮುಳುಗಲಿಲ್ಲ. ಎಲೆಯ ಕೆಳಗೆ ನಡುವಿನಿಂದ ಹರಡಿದ ದಪ್ಪ ನರಗಳು, ಅವುಗಳನ್ನು ಅಡ್ಡಡ್ಡ ಜೋಡಿಸುವ ಸಣ್ಣ ನರಗಳು ಇದ್ದವು. ತೆಳುವಾದ ಗಾಜನ್ನು ಕಬ್ಬಿಣದ ನರಗಳ ಮೇಲೆ ಹೊರಿಸುವ ಉಪಾಯ ಅವನಿಗೆ ಅಲ್ಲಿ ಸಿಕ್ಕಿತು.

1866ರ ಸುಮಾರಿಗೆ ಜ್ಯೂರಿಕ್ ನಗರದಲ್ಲಿ ಇನ್ನೊಂದು ಘಟನೆ ನಡೆಯಿತು. ಅಂಗರಚನಾ ಶಾಸ್ತ್ರಜ್ಞ ಮೇಯರ್ ಎಂಬಾತ ಸೀಳಿದ ತೊಡೆಯೆಲುಬಿನ ತುದಿಯನ್ನು ತೋರಿಸುತ್ತಿದ್ದ. ಒಳಗಿನ ಸೂಕ್ಷ್ಮ ಎಲುಬುಗೆರೆಗಳನ್ನು ನೋಡಿದ ಎಂಜಿನಿಯರ್ ಕಲ್ಮನ್, ಭಾರ ಎತ್ತುವ ಕ್ರೇನಿನಲ್ಲಿ ಒತ್ತಡ-ಎಳೆತಗಳು ಹರಿಯುವ ಗೆರೆಗಳೂ ಹೀಗೆಯೇ ಇರುತ್ತವೆ ಎಂದು ಗುರುತಿಸಿದ. ಭಾರ ಹರಿಯುವ ದಾರಿಯಲ್ಲಿ ಮಾತ್ರ ವಸ್ತು ಇರಲಿ, ಉಳಿದ ಕಡೆ ಬೇಡ ಎಂಬುದು ಎಲುಬಿನ ಲೆಕ್ಕ. ರೈಲ್ವೆ ಸೇತುವೆಗಳ ತ್ರಿಕೋನಗಳ ಉಕ್ಕಿನ ಚೌಕಟ್ಟಿನಲ್ಲಿ ಕಾಣುವ ಮಿತವ್ಯಯವೂ ಇದೇ.

ಕೂಡಲಸಂಗಮ: ಮಲಗಿದ ಕಮಾನು

ಮತ್ತೆ ನಮ್ಮ ತಾಲ್ಲೂಕಿಗೆ ಬರೋಣ. ಕೃಷ್ಣೆ, ಮಲಪ್ರಭೆಯರು ಕೂಡುವ ಜಾಗದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಅದನ್ನು ಮುಳುಗಿಸುವಂತಾದಾಗ ಸುತ್ತಲೂ ಬಾವಿಯಂತೆ ದುಂಡು ಗೋಡೆ ಎಬ್ಬಿಸಿದರು. ದಂಡೆಯಿಂದ ಸೇತುವೆಯ ಮೇಲೆ ನಡೆದು, ಮೆಟ್ಟಿಲು ಇಳಿದು ದರ್ಶನ ಮಾಡುತ್ತೇವೆ. ಸುತ್ತ ನೀರು, ಒಳಗೆ ಒಣ ನೆಲ.

ಗೋಡೆ ಏಕೆ ದುಂಡಗೆ? ಚೌಕ ಗೋಡೆಯನ್ನು ನೀರು ತಳ್ಳಿದರೆ ಅದು ನಡುವೆ ಬಾಗುತ್ತದೆ, ನಾವು ಒತ್ತಿದ ರೊಟ್ಟಿಯಂತೆ ಒಳಮೈಯಲ್ಲಿ ಎಳೆತ ಬರುತ್ತದೆ. ದುಂಡು ಗೋಡೆಯನ್ನು ನೀರು ಎಲ್ಲ ಕಡೆಯಿಂದ ಸಮನಾಗಿ ಒತ್ತಿದಾಗ ಪ್ರತಿ ಭಾಗವೂ ಪಕ್ಕದ ಭಾಗಕ್ಕೆ ಒರಗಿ ಗಟ್ಟಿಯಾಗುತ್ತದೆ. ಇದು ಮಲಗಿಸಿದ ಕಮಾನು. ಹೊಲದ ಬಾವಿ ಕಟ್ಟಿದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಸಿಡಿಲಪಡಿಯಲ್ಲಿ ನಿಸರ್ಗ ಹೇಳಿದ ಮಾತನ್ನು ಸಂಗಮದಲ್ಲಿ ಮನುಷ್ಯ ನೀರಿಗೆ ತಿರುಗಿ ಹೇಳಿದ್ದಾನೆ.

ಇನ್ನು ಮುಂದೆ ಕಟ್ಟುವವರಿಗೆ

ಇದೆಲ್ಲ ಹಳೆಯ ಹಿರಿಮೆ ಎಂದು ಪುಸ್ತಕ ಮುಚ್ಚುವಂತಿಲ್ಲ. ನಮ್ಮ ಜಿಲ್ಲೆ ಕಟ್ಟುವ ಕೆಲಸವನ್ನು ಇನ್ನೂ ಮುಗಿಸಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ದೊಡ್ಡ ಭಾಗ ಹೋಗಿ ನವನಗರ ಎದ್ದಿತು. ಎಷ್ಟೋ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ಈಗ 519.60 ಮೀಟರ್‌ಗೆ ನಿಂತಿರುವ ಜಲಾಶಯದ ಮಟ್ಟವನ್ನು 524.256 ಮೀಟರ್‌ಗೆ ಏರಿಸಿದರೆ ಇನ್ನಷ್ಟು ಊರುಗಳು ಏಳಬೇಕು, ಇನ್ನಷ್ಟು ಮನೆ, ಶಾಲೆ, ಸೇತುವೆಗಳನ್ನು ಕಟ್ಟಬೇಕು. 2009ರ ಮತ್ತು 2019ರ ಪ್ರವಾಹಗಳನ್ನು ನಾವು ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ಬಂದಿದ್ದಳು. ಎತ್ತರದ ಅಧಿಷ್ಠಾನದ ಮೇಲೆ ನಿಂತ ಗುಡಿಗಳು ಹಾಗೇ ನಿಂತವು. ಮಣ್ಣಿನ ಮನೆಗಳವರು ಮಕ್ಕಳನ್ನು ಎತ್ತಿಕೊಂಡು ಹೊರಟರು.

ಆ ಹೊಸ ಮನೆಗಳನ್ನು ಯಾವ ಮಣ್ಣಿನ ಮೇಲೆ ಕಟ್ಟುತ್ತೇವೆ? ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದನ್ನು ಲೆಕ್ಕಿಸದೆ ಹಾಕಿದ ಅಡಿಪಾಯದ ಗೋಡೆ ಕೆಲವೇ ವರ್ಷಗಳಲ್ಲಿ ಓರೆಯಾಗಿ ಸೀಳುತ್ತದೆ. ಯಾವ ಬಿಸಿಲಿಗೆ ಕಟ್ಟುತ್ತೇವೆ? ದಪ್ಪ ಕಲ್ಲುಗೋಡೆ, ಮೇಲ್ಮುದ್ದೆಯ ಮಾಳಿಗೆ, ಗವಾಕ್ಷಿ ಇದ್ದ ಹಳೆಯ ಮನೆ ಏಪ್ರಿಲ್ ತಿಂಗಳ ಮಧ್ಯಾಹ್ನದ ಶಾಖವನ್ನು ಒಳಗೆ ಬೇಗ ಬಿಡುತ್ತಿರಲಿಲ್ಲ. ತೆಳುಗೋಡೆಯ ತಗಡಿನ ಮನೆಯಲ್ಲಿ ಹಸುಗೂಸನ್ನು ಮಲಗಿಸಲಾರದ ತಾಯಂದಿರು ಬೇವಿನ ಮರದ ಕೆಳಗೆ ತೊಟ್ಟಿಲು ಕಟ್ಟುತ್ತಾರೆ. ಕಟ್ಟಡ ಮರೆತದ್ದನ್ನು ಮರ ನೆನಪಿಸುತ್ತಿದೆ.

ಹಳೆಯ ಮನೆಗಳನ್ನೇ ಮತ್ತೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಮಣ್ಣಿನ ಮಾಳಿಗೆ ಸೋರುತ್ತಿತ್ತು, ವರ್ಷವರ್ಷ ಮಣ್ಣು ಹಾಕಿಸಬೇಕಿತ್ತು. ಸಿಮೆಂಟು, ಉಕ್ಕು ನಮ್ಮ ಕಾಲದ ವರಗಳು. ಆದರೆ ಗುಂಡ ಆಚಾರ್ಯ ಕಲ್ಲನ್ನು ಕೇಳಿದಂತೆ ನಾವು ಇವತ್ತಿನ ವಸ್ತುವನ್ನೂ, ಕಾಲಡಿಯ ಮಣ್ಣನ್ನೂ, ನೆತ್ತಿಯ ಬಿಸಿಲನ್ನೂ ಕೇಳಬೇಕು. ಹೊಸ ಕಟ್ಟಡದ ಕಮಾನಿಗೆ ಕಮಲ ಬಿಡಿಸಿದ ಮಾತ್ರಕ್ಕೆ ಅದು ನಮ್ಮ ಪರಂಪರೆಯದಾಗುವುದಿಲ್ಲ.

ನಮ್ಮ ಶಾಲೆಯ ಇಂದಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಪ್ರವಾಸದಲ್ಲಿ ಗುಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಮೇಲೆ ಒಂದೈದು ನಿಮಿಷ ಸುಮ್ಮನೆ ತಲೆ ಎತ್ತಿ ನೋಡಿ. ಈ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ ಎಂದು ನಿಮ್ಮ ಗುರುಗಳನ್ನು ಕೇಳಿ. ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುತ್ತೀರಿ, ಕೆಲವರು ಗೌಂಡಿ, ಗುತ್ತಿಗೆದಾರ, ಪಂಚಾಯಿತಿ ಸದಸ್ಯರಾಗುತ್ತೀರಿ. ಈ ಜಿಲ್ಲೆಯ ಮುಂದಿನ ಊರುಗಳನ್ನು ಕಟ್ಟುವವರು ನೀವೇ. ಶಾಲೆ ನೂರು ವರ್ಷದ ಹಬ್ಬ ಮಾಡುವಾಗ ನೀವು ಕಟ್ಟಿದ ಮನೆಗಳಲ್ಲಿ ಮಕ್ಕಳು ತಂಪಾಗಿ ಮಲಗಿರಲಿ, ನೀವು ಕಟ್ಟಿದ ಸೇತುವೆಯ ಮೇಲೆ ಮಲಪ್ರಭೆ ತುಂಬಿ ಹರಿಯುವ ದಿನವೂ ಅವರು ಶಾಲೆಗೆ ಬರುವಂತಾಗಲಿ.